ಸರ್ವಿಸ್ ಪಟ್ಟಿಯಲ್ಲಿ ನಿಜವಾಗಿ ಬೇಕಾದವು ಯಾವುವು, ನಾವೇ ಮಾಡಿಕೊಳ್ಳಬಹುದಾದವು ಯಾವುವು?

40,000 ಕಿಲೋಮೀಟರ್ ಓಡಿರುವ ತಮ್ಮ ಪೆಟ್ರೋಲ್ ಕಾರಿಗೆ ಸರ್ವಿಸ್ ಸೆಂಟರಿನವರು ಕೊಟ್ಟ ಉದ್ದದ ಪಟ್ಟಿಯಲ್ಲಿ ಅಗತ್ಯವಾದವು ಯಾವುವು, ಮನೆಯಲ್ಲೇ ಮಾಡಿಕೊಳ್ಳಬಹುದಾದವು ಯಾವುವು ಎಂದು ತಾವು ಕೇಳಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ನನ್ನ ಕಾರಿನ ಸಣ್ಣಪುಟ್ಟ ಕೆಲಸಗಳನ್ನು ಹಲವು ವರ್ಷಗಳಿಂದ ನಾನೇ ಮಾಡಿಕೊಂಡು ಬಂದವನು, ಅಷ್ಟೆ.

ಮೊದಲು ಆ ಪಟ್ಟಿಯನ್ನು ಬದಿಗಿಟ್ಟು, ಕಾರಿನ ಜೊತೆ ಬಂದ ಕೈಪಿಡಿಯ ಸರ್ವಿಸ್ ಪುಟವನ್ನು ತೆರೆಯಿರಿ. ಅಲ್ಲಿ ಕೆಲವು ಭಾಗಗಳ ಎದುರು ‘ಪರೀಕ್ಷಿಸಿ’ ಎಂದೂ ಕೆಲವುಗಳ ಎದುರು ‘ಬದಲಿಸಿ’ ಎಂದೂ ಇರುತ್ತದೆ. ನಾನು ಕಂಡಂತೆ ಬಿಲ್ಲು ಉಬ್ಬುವುದು ಹೆಚ್ಚಾಗಿ ಮೊದಲನೆಯದನ್ನು ಎರಡನೆಯದಾಗಿ ಓದಿಕೊಂಡಾಗ. ಕೈಪಿಡಿಯಲ್ಲಿ ಹೆಸರೇ ಇಲ್ಲದ ಎಂಜಿನ್ ಫ್ಲಶ್ (ಎಂಜಿನ್ನಿನ ಒಳಗನ್ನು ತೊಳೆಯುವುದು), ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಕ್ಲೀನಿಂಗ್ ಮುಂತಾದವನ್ನು, ಕಾರಿನಲ್ಲಿ ತೊಂದರೆಯ ಲಕ್ಷಣ ಕಾಣದಿದ್ದರೆ, ನಾನು ಪಟ್ಟಿಯಿಂದ ಹೊಡೆದುಹಾಕುತ್ತೇನೆ. ಆದರೆ ಅದೇ ಪುಟದಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿದ್ದರೆ ಅದನ್ನೂ ಓದಿ: ದಿನವೂ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ, ಧೂಳಿನ ರಸ್ತೆ, ನಿಂತು ನಿಂತು ಸಾಗುವ ದಟ್ಟಣೆ ಇವೆಲ್ಲ ಅದರೊಳಗೆ ಬರುತ್ತವೆ, ಮತ್ತು ನಮ್ಮಲ್ಲಿ ಅನೇಕರ ಬಳಕೆ ನಾವು ಅಂದುಕೊಂಡಷ್ಟು ‘ಸಾಮಾನ್ಯ’ವಾಗಿರುವುದಿಲ್ಲ.

ಉಳಿತಾಯದ ಉತ್ಸಾಹದಲ್ಲಿ ಬಿಡಬಾರದ ಕೆಲಸಗಳೂ ಇವೆ. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಅದು ಕುದಿದರೆ, ಆವಿ ತುಂಬಿ ಪೆಡಲ್ ಸುಮ್ಮನೆ ಕೆಳಗಿಳಿಯುತ್ತದೆ. ಆದ್ದರಿಂದ ಕಾರು ಕಡಿಮೆ ಓಡಿದ್ದರೂ ಅನೇಕ ತಯಾರಕರು ಹೇಳುವಂತೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಸರಿ. ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದರ ಅವಧಿಯನ್ನೂ ಮೀರಬೇಡಿ, ಏಕೆಂದರೆ ಅದು ತುಂಡಾದರೆ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಇವೆರಡನ್ನೂ, ಹಾಗೆಯೇ ಎಸಿ ಗ್ಯಾಸಿನ ಕೆಲಸವನ್ನೂ ನಾನು ಗ್ಯಾರೇಜಿಗೇ ಒಪ್ಪಿಸುತ್ತೇನೆ.

ಏರ್ ಫಿಲ್ಟರ್, ಎಸಿ ಫಿಲ್ಟರ್, ವೈಪರ್ ಬ್ಲೇಡುಗಳನ್ನು ಹೆಚ್ಚಿನ ಕಾರುಗಳಲ್ಲಿ ಅರ್ಧ ಗಂಟೆಯೊಳಗೆ ಬದಲಿಸಬಹುದು, ಅಲ್ಲಿಂದಲೇ ಆರಂಭಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದು ಯಾವ ಬಗೆಯದೆಂದು ನೋಡಿ. ಇರಿಡಿಯಂ ಪ್ಲಗ್‌ಗಳು ಸಾಮಾನ್ಯವಾಗಿ 1,00,000 ಕಿಲೋಮೀಟರಿನ ಆಸುಪಾಸಿನವರೆಗೆ ಬರುವುದರಿಂದ ಈಗ ಅವುಗಳ ಗೊಡವೆಗೇ ಹೋಗಬೇಕಿಲ್ಲದಿರಬಹುದು.

ಎಂಜಿನ್ ಆಯಿಲ್ ಬದಲಿಸುವುದು ಕಷ್ಟವಲ್ಲ, ಆದರೆ ಅವಸರಕ್ಕೆ ಒಗ್ಗದ ಕೆಲಸ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಎಂದೂ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ, ಕೈಪಿಡಿ ತೋರಿಸಿದ ಜಾಗದಲ್ಲೇ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಆಯಿಲ್ ಉಗುರುಬೆಚ್ಚಗಿದ್ದಾಗ ಚೆನ್ನಾಗಿ ಇಳಿಯುತ್ತದೆ. ಆಯಿಲ್ ಇಳಿಸಲು ಬಿಚ್ಚಿದ ಡ್ರೈನ್ ಬೋಲ್ಟನ್ನು ಹೊಸ ವಾಷರ್ ಹಾಕಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿಮಾಡಿ. ಬಲ ಹೆಚ್ಚಾದರೆ ಅಲ್ಯುಮಿನಿಯಂ ಸಂಪಿನ (ಆಯಿಲ್ ನಿಲ್ಲುವ ತಳದ ತೊಟ್ಟಿಯ) ತಿರುಪಿನ ಸುತ್ತುಗಳು ಕಿತ್ತುಹೋಗುತ್ತವೆ. ನಾನು ಮೊದಲ ಸಲ ಮಾಡಿದಾಗ ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದುದನ್ನು ಗಮನಿಸದೆ ಹೊಸದನ್ನು ಅದರ ಮೇಲೆಯೇ ತಿರುಗಿಸಿದ್ದೆ. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ನೆಲಕ್ಕೆ ಚಿಮ್ಮಿತು. ಅಂದಿನಿಂದ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡದೆ ಫಿಲ್ಟರ್ ಹಾಕುವುದಿಲ್ಲ.

ಕಾರು ವಾರಂಟಿಯಲ್ಲಿದ್ದರೆ, ಸ್ವತಃ ಮಾಡಿದ ಸರ್ವಿಸನ್ನು ತಯಾರಕರು ಒಪ್ಪುತ್ತಾರೆಯೇ ಎಂದು ವಾರಂಟಿ ಪುಸ್ತಿಕೆಯಲ್ಲಿ ಮೊದಲೇ ನೋಡಿಕೊಳ್ಳಿ. ಒಪ್ಪುವುದಾದರೆ ಆಯಿಲ್ ಮತ್ತು ಫಿಲ್ಟರಿನ ರಸೀದಿಯ ಹಿಂದೆ ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಬರೆದಿಡಿ.