ಮಿಲ್ಲು ದೊಡ್ಡದಾದಂತೆ ಸುದ್ದಿ ಏಕೆ ತಲುಪುವುದಿಲ್ಲ?

ಇಪ್ಪತ್ತು ಜನರಿದ್ದಾಗ ನಿಮ್ಮ ಬೇಳೆ ಮಿಲ್ಲಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತಿತ್ತು, ನೂರು ದಾಟಿದ ಮೇಲೆ ಯಾರಿಗೂ ಏನೂ ತಿಳಿಯುತ್ತಿಲ್ಲ ಎಂದಿದ್ದೀರಿ. ಜನ ಕೆಟ್ಟರೇ, ಆಡಳಿತ ಕೆಟ್ಟಿತೇ, ವಿಜ್ಞಾನದಲ್ಲಿ ಇದಕ್ಕೊಂದು ಹೋಲಿಕೆ ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಯಾರೂ ಕೆಡದೆಯೂ ಹೀಗಾಗುತ್ತದೆ. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಭಾವನವರದು ತೊಗರಿ ಬೇಳೆಯ ಮಿಲ್ಲು. ಹೀಗಾಗಿ ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ವಿಸರಣೆ.

ನೀರಿನಲ್ಲಿ ಕರಗಿದ ಆಮ್ಲಜನಕದ ಅಣುಗಳು ಯಾರೂ ತಳ್ಳದಿದ್ದರೂ ಗೊತ್ತುಗುರಿಯಿಲ್ಲದೆ ಅಲೆಯುತ್ತ ಹರಡುತ್ತವೆ. ಇದೇ ವಿಸರಣೆ. ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞ 1855ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟ. ಆ ಲೆಕ್ಕದಲ್ಲಿ ದಯೆ ಇಲ್ಲ: ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. ಒಂದು ಜೀವಕೋಶದಷ್ಟು ದೂರ, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ, ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ. ಶ್ವಾಸಕೋಶದಿಂದ ಕಾಲ್ಬೆರಳಿಗೆ ಹೀಗೇ ಹೋಗಬೇಕಾಗಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು.

ಸಣ್ಣ ಮಿಲ್ಲು ನಡೆಯುವುದು ವಿಸರಣೆಯ ಮೇಲೆಯೇ. ಮಾಲೀಕರು ತೂಕದ ಕಾಂಟಾ ಪಕ್ಕದಲ್ಲೇ ಕುಳಿತಿರುತ್ತಾರೆ, ಚಹಾ ಕುಡಿಯುವಾಗ ಹಮಾಲರ ಮಾತು ಕಿವಿಗೆ ಬೀಳುತ್ತದೆ. ಸುದ್ದಿ ಮುಟ್ಟಿಸಲೆಂದು ಯಾರೂ ಏನೂ ಮಾಡುತ್ತಿರುವುದಿಲ್ಲ, ಅದು ತಾನಾಗಿ ಮುಟ್ಟುತ್ತದೆ. ಮಿಲ್ಲು ಬೆಳೆದ ಮೇಲೂ ಅದು ತಾನಾಗಿಯೇ ಮುಟ್ಟಲಿ ಎಂದು ಕಾಯುವುದರಲ್ಲಿ ತೊಂದರೆ ಇದೆ.

‘ನಮ್ಮಲ್ಲಿ ಮೇಲು ಕೀಳಿಲ್ಲ, ಎಲ್ಲರೂ ಸಮ’ ಎನ್ನುವ ಕಂಪನಿಗಳನ್ನು ಕಂಡಾಗ ನನಗೆ ಪ್ಲನೇರಿಯಾ ಎಂಬ ಚಪ್ಪಟೆ ಹುಳು ನೆನಪಾಗುತ್ತದೆ. ಅದಕ್ಕೆ ಹೃದಯವೂ ಇಲ್ಲ, ರಕ್ತವೂ ಇಲ್ಲ. ಮೈ ತೆಳ್ಳಗಿರುವುದರಿಂದ ಪ್ರತಿ ಜೀವಕೋಶವೂ ಹೊರಗಿನ ನೀರಿಗೆ ಹತ್ತಿರ, ಬದುಕು ಸಲೀಸು. ದಪ್ಪವಾಗುವ ಭಾಗ್ಯ ಮಾತ್ರ ಅದಕ್ಕಿಲ್ಲ.

ದಪ್ಪವಾಗಬೇಕಾದರೆ ರಕ್ತಪರಿಚಲನೆ ಬೇಕು. ನಿಮ್ಮಲ್ಲಿ ಮ್ಯಾನೇಜರು, ಸೋಮವಾರದ ಸಭೆ, ವಾಟ್ಸ್‌ಆ್ಯಪ್ ಗುಂಪು ಬಂದಿರುವುದು ಅದಕ್ಕಾಗಿಯೇ. ಆದರೆ ಇಷ್ಟಕ್ಕೇ ನಿಂತರೆ ಸಾಲದು. ರಕ್ತ ಎಷ್ಟೇ ರಭಸದಿಂದ ಹರಿದರೂ ಲೋಮನಾಳದಿಂದ, ಅಂದರೆ ಅತಿ ಸಣ್ಣ ರಕ್ತನಾಳದಿಂದ, ಜೀವಕೋಶದವರೆಗಿನ ಕೊನೆಯ ದೂರವನ್ನು ಆಮ್ಲಜನಕ ವಿಸರಣೆಯಿಂದಲೇ ದಾಟಬೇಕು. ಅದಕ್ಕೇ ನಮ್ಮ ಮೈಯಲ್ಲಿ ಬಹುಪಾಲು ಜೀವಕೋಶಗಳಿಗೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗದೊಳಗೇ ಒಂದು ಲೋಮನಾಳ ಇರುತ್ತದೆ. ದೊಡ್ಡ ಸಂಸ್ಥೆಗಳು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಗೆ ಹಣ ಸುರಿಯುತ್ತವೆ, ಲೋಮನಾಳವನ್ನು ಮರೆಯುತ್ತವೆ. ಯಂತ್ರದ ಬಳಿ ನಿಂತವನ ಮಾತಿಗೆ ಅಲ್ಲೇ, ಆಗಲೇ ಕಿವಿಗೊಡುವ ಒಬ್ಬರಿಲ್ಲದಿದ್ದರೆ ಸಭೆಗಳು ಎಷ್ಟಾದರೂ ಅಷ್ಟೇ.

ಲೋಮನಾಳಗಳ ಹರಿವು ಹೇಗೆ ನಿಯಂತ್ರಣಗೊಳ್ಳುತ್ತದೆ ಎಂಬುದನ್ನು ಕಂಡುಹಿಡಿದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್‌ಗೆ 1920ರ ನೊಬೆಲ್ ಬಂತು. ದುಡಿಯುವ ಸ್ನಾಯುವಿಗೆ ಹೆಚ್ಚು ರಕ್ತ, ಸುಮ್ಮನಿರುವುದಕ್ಕೆ ಕಡಿಮೆ. ಹಾಗೆಯೇ ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ಮಾಲು ಇಳಿಯುವ ಜಾಗದಲ್ಲೇ ದಿನವೂ ಐದು ನಿಮಿಷ ನಿಂತು ಮಾತಾಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕು. ವರ್ಷವಿಡೀ ಒಂದೇ ವೇಳಾಪಟ್ಟಿ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹೋಲಿಕೆ ಮುರಿಯುವ ಜಾಗವನ್ನೂ ಹೇಳಬೇಕು. ಅಣುಗಳಿಗೆ ಹೆದರಿಕೆ ಇಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾವಾಗಿ ಸಾಗುತ್ತವೆ. ಕೆಟ್ಟ ಸುದ್ದಿ ಕೆಳಗೆ ಎಷ್ಟೇ ದಟ್ಟವಾಗಿದ್ದರೂ ಮೇಲಕ್ಕೆ ಏರುವುದಿಲ್ಲ. ಭಾವನವರ ಮಿಲ್ಲಿನಲ್ಲಿ ಮಾಲು ಇಳಿಸುವವರು ಕಾಳನ್ನು ಹಲ್ಲಿನಲ್ಲಿ ಕಚ್ಚಿಯೇ ತೇವ ಹೇಳಬಲ್ಲರು. ತೇವದ ಕಾಳಿನ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಆದರೂ ಖರೀದಿ ಮಾಡಿದವರ ಮುಂದೆ ‘ಈ ಮಾಲು ಹಸಿ ಇದೆ’ ಎನ್ನುವವರು ಯಾರು? ಭಾವ ಕೊನೆಗೆ ಇಳಿಸುವವರ ಕೈಗೇ ಚೀಟಿ ಕೊಟ್ಟರು: ಪ್ರತಿ ಲಾಟಿಗೂ ಒಣ ಅಥವಾ ಹಸಿ ಎಂದು ಗುರುತು ಹಾಕುವುದು, ಮ್ಯಾನೇಜರ ಮೇಜಿಗೆ ಹೋಗದೆ ಅದು ನೇರ ಭಾವನ ಕೈಗೆ ಬರುವುದು. ಮ್ಯಾನೇಜರು ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಚೀಟಿ ಈಗಲೂ ನಡೆಯುತ್ತಿದೆ.