ಓದುಗರ ಪ್ರಶ್ನೆ: ಕಾಣದ ಕೆಲಸಕ್ಕೆ ಸಾಕ್ಷಿ ಹೇಳುವುದು ಹೇಗೆ?

ವಸತಿನಿಲಯ, ವಿದ್ಯಾರ್ಥಿವೇತನ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ), ಆಪ್ತಸಮಾಲೋಚನೆ ಮುಂತಾದ ವಿದ್ಯಾರ್ಥಿ ಕ್ಷೇಮದ ಕೆಲಸಗಳಲ್ಲಿ ತೊಡಗಿರುವ ಸಹೋದ್ಯೋಗಿಗಳನ್ನು ಪ್ರಶಸ್ತಿಗೆ ಹೆಸರಿಸುವ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾಲೇಜುಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜು. ವಾಣಿಜ್ಯ ವಿಭಾಗದ ಹಿರಿಯ ಮೇಡಂ ಒಬ್ಬರು ಪಾಠದ ಜೊತೆಗೆ ಹೆಣ್ಣುಮಕ್ಕಳ ವಸತಿನಿಲಯವನ್ನೂ ಬಹಳ ವರ್ಷಗಳಿಂದ ನೋಡಿಕೊಂಡು ಬಂದಿದ್ದಾರೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಮನೆ ಕಳೆದುಕೊಂಡ ಹುಡುಗಿಯರು ಕಾಲೇಜು ಬಿಡದಂತೆ ನೋಡಿಕೊಂಡವರು ಅವರೇ. ಮದುವೆಗೆಂದು ಮಗಳ ಓದು ಬಿಡಿಸಲು ಬಂದ ಎಷ್ಟೋ ತಂದೆತಾಯಿಗಳಿಗೆ ತಿಳಿಹೇಳಿ, ಒಪ್ಪಿಸಿ ಕಳಿಸಿದ್ದಾರೆ. ಕಳೆದ ವರ್ಷ ಆಡಳಿತ ಮಂಡಳಿಯ ವಾರ್ಷಿಕ ಪ್ರಶಸ್ತಿಗೆ ಅವರ ಹೆಸರು ಸೂಚಿಸಿದೆ. ‘ವಿಶೇಷ ಸಾಧನೆ ಕಂಡುಬರುವುದಿಲ್ಲ’ ಎಂಬ ಷರಾ ಬರೆದು ಅರ್ಜಿಯನ್ನು ಹಿಂದಿರುಗಿಸಿದರು. ಈ ಸಲ ಹೇಗೆ ಬರೆಯಬೇಕು?

ಉತ್ತರ: ನೀವು ಲಗತ್ತಿಸಿ ಕಳಿಸಿದ ಕಳೆದ ವರ್ಷದ ಅರ್ಜಿಯನ್ನು ಗಮನವಿಟ್ಟು ಓದಿದೆ. ಅದರಲ್ಲಿ ‘ಮಾತೃಹೃದಯಿ’, ‘ನಿಸ್ವಾರ್ಥ ಸೇವಾ ಮನೋಭಾವದವರು’, ‘ಹಗಲಿರುಳೆನ್ನದೆ ದುಡಿಯುವವರು’ ಎಂಬ ಮಾತುಗಳಿವೆ. ಹೊಳೆ ಬಂದ ಸಂಗತಿಯಿಲ್ಲ, ತಂದೆತಾಯಿಗಳನ್ನು ಒಪ್ಪಿಸಿದ ಸಂಗತಿಯೂ ಇಲ್ಲ. ನನಗೆ ಬರೆದ ಪತ್ರದಲ್ಲಿ ನೀವು ನಾಲ್ಕು ಸಾಲುಗಳಲ್ಲಿ ಹೇಳಿದ್ದು ಸಮಿತಿಯ ಮುಂದೆ ಹೋಗಲೇ ಇಲ್ಲ. ಹೊಗಳಿಕೆಯ ಮಾತು ಎಲ್ಲ ಅರ್ಜಿಗಳಲ್ಲಿಯೂ ಇರುತ್ತದೆ. ಇಪ್ಪತ್ತು ಅರ್ಜಿ ಓದಿದ ಸದಸ್ಯರಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ನಡೆದ ಸಂಗತಿ ಮಾತ್ರ.

ಆದರೂ ಸಮಿತಿಯ ಷರಾ ನ್ಯಾಯವಾದದ್ದೆಂದು ನಾನು ಒಪ್ಪುವುದಿಲ್ಲ. ಕ್ರೀಡಾ ವಿಭಾಗದವರ ಕೆಲಸಕ್ಕೆ ಕಪ್ಪುಗಳಿವೆ, ಸಂಶೋಧನೆ ಮಾಡಿದವರಿಗೆ ಪ್ರಕಟಿತ ಲೇಖನಗಳಿವೆ, ಪಾಠಕ್ಕೆ ಫಲಿತಾಂಶವಿದೆ. ವಸತಿನಿಲಯವನ್ನು ಚೆನ್ನಾಗಿ ನಡೆಸಿದಾಗ ಏನೂ ಆಗುವುದಿಲ್ಲ, ಮತ್ತು ಏನೂ ಆಗದಿರುವುದೇ ಆ ಕೆಲಸದ ಫಲ. ಒಬ್ಬ ಹುಡುಗಿ ಓದು ಬಿಡಲಿಲ್ಲ, ಒಂದು ಜಗಳ ಠಾಣೆಯ ಮೆಟ್ಟಿಲು ಹತ್ತಲಿಲ್ಲ, ರಾತ್ರಿ ಜ್ವರ ಏರಿದವಳು ಹೊತ್ತಿಗೆ ಸರಿಯಾಗಿ ದವಾಖಾನೆ ಸೇರಿದಳು. ಇವು ಯಾವ ವರದಿಯಲ್ಲಿಯೂ ಬರುವುದಿಲ್ಲ. ಆದ್ದರಿಂದ ಹೆಸರು ಸೂಚಿಸುವವರು ಇಲ್ಲಿ ಬರೀ ಶಿಫಾರಸು ಮಾಡಿದರೆ ಸಾಲದು, ಹತ್ತಿರದಿಂದ ಕಂಡವರಾಗಿ ಸಾಕ್ಷಿ ಹೇಳಬೇಕು.

ಹತ್ತು ಗುಣಗಳನ್ನು ಬಿಟ್ಟು ಎರಡು ಸಂಗತಿಗಳನ್ನು ಆರಿಸಿಕೊಳ್ಳಿ. ಪ್ರವಾಹದ ಸಂಗತಿಯನ್ನೇ ತೆಗೆದುಕೊಂಡರೆ, ಆ ವಾರ ನಿಲಯದಲ್ಲಿ ಎಷ್ಟು ಮಂದಿ ಉಳಿದಿದ್ದರು, ಅವರ ಊಟದ ಖರ್ಚು ಯಾವ ಲೆಕ್ಕದಿಂದ ಹೋಯಿತು, ನೀರಿನಲ್ಲಿ ನೆನೆದು ಹಾಳಾದ ಅಂಕಪಟ್ಟಿಗಳ ನಕಲು ಪ್ರತಿಗಾಗಿ ವಿಶ್ವವಿದ್ಯಾಲಯಕ್ಕೆ ಯಾರು ಪತ್ರ ಬರೆದರು, ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ ಏನು ವ್ಯವಸ್ಥೆಯಾಯಿತು, ಆ ಹುಡುಗಿಯರಲ್ಲಿ ಎಷ್ಟು ಮಂದಿ ಮುಂದೆ ಪದವಿ ಮುಗಿಸಿದರು ಎಂಬುದನ್ನು ಕಂಡುಕೊಳ್ಳಿ. ಈ ಉತ್ತರಗಳಿಗಾಗಿ ಮೇಡಂ ಅವರನ್ನು ಪೀಡಿಸಬೇಕಾಗಿಲ್ಲ. ನಿಲಯದ ಹಾಜರಿ ಪುಸ್ತಕ, ಮೆಸ್ ಲೆಕ್ಕ, ಕಚೇರಿಯ ಟಪಾಲು ವಹಿ ತೆಗೆದು ನೋಡಿದರೆ ಬಹುಪಾಲು ಸಿಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಆಗ ಐದನೆಯ ಮಾನದಂಡವೇ ವಿದ್ಯಾರ್ಥಿಗಳಿಗೆ ಕೊಡುವ ನೆರವು ಮತ್ತು ಅವರ ಮುನ್ನಡೆಗೆ ಸಂಬಂಧಿಸಿದ್ದಾಗಿದ್ದರಿಂದ ನಿಮ್ಮ ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಕಡತಗಳಲ್ಲಿಯೂ ಅಂಕಿಅಂಶಗಳು ಇರಬೇಕು. ಅವು ಕೈಗೆ ಸಿಕ್ಕ ಮೇಲೆ ಹೀಗೆ ಬರೆಯಬಹುದು: ‘ಮಲಪ್ರಭೆ, ಘಟಪ್ರಭೆಗಳ ದಂಡೆಯ ಊರುಗಳಿಗೆ ನೀರು ಹೊಕ್ಕಾಗ ಕಾಲೇಜಿಗೆ ರಜೆಯಿದ್ದರೂ ಇವರು ನಿಲಯದ ಬಾಗಿಲು ಹಾಕಲಿಲ್ಲ. ಊರಿಗೆ ಮರಳಲಾಗದ ಇಂತಿಷ್ಟು ವಿದ್ಯಾರ್ಥಿನಿಯರು ಇಂಥ ದಿನದಿಂದ ಇಂಥ ದಿನದವರೆಗೆ ಅಲ್ಲಿಯೇ ಉಳಿದರು. ಅವರಲ್ಲಿ ಇಂತಿಷ್ಟು ಮಂದಿ ಅದೇ ವರ್ಷ ಪರೀಕ್ಷೆಗೆ ಕುಳಿತರು.’ ಇದರಲ್ಲಿ ಒಂದೂ ವಿಶೇಷಣವಿಲ್ಲ, ಬೇಕಾಗಿಯೂ ಇಲ್ಲ.

ಮದುವೆಯ ಸಂಗತಿಯಲ್ಲಿ ಮಾತ್ರ ಬಹಳ ಎಚ್ಚರ ಬೇಕು, ಮತ್ತು ಈ ಕ್ಷೇತ್ರದ ಅರ್ಜಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಇದೇ. ಮೇಡಂ ಅವರ ಅತ್ಯುತ್ತಮ ಕೆಲಸವೆಲ್ಲ ಹುಡುಗಿಯರು ಬಾಗಿಲು ಹಾಕಿಕೊಂಡು ಅವರಲ್ಲಿ ಹೇಳಿಕೊಂಡ ಮಾತುಗಳಿಗೆ ಸೇರಿದ್ದು. ಅದನ್ನು ಪ್ರಶಸ್ತಿಗಾಗಿ ಬಿಚ್ಚಿಟ್ಟರೆ ಅವರು ಇಷ್ಟು ವರ್ಷ ಕಾಯ್ದುಕೊಂಡು ಬಂದ ನಂಬಿಕೆಯನ್ನು ನಾವೇ ಮುರಿದ ಹಾಗಾಗುತ್ತದೆ. ಹೆಸರು ಬರೆಯದಿದ್ದರೆ ಸಾಕೆಂದು ತಿಳಿಯಬೇಡಿ. ತರಗತಿ, ಊರು, ವರ್ಷ ಮೂರನ್ನೂ ಕೊಟ್ಟರೆ ತಾಲ್ಲೂಕಿನಲ್ಲಿ ಯಾರ ಮಗಳು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಹುಡುಗಿಯ ಕಥೆಯನ್ನು ಬಿಟ್ಟು ಮೇಡಂ ಅವರ ರೀತಿಯನ್ನು ಬರೆಯಿರಿ: ಅವರು ತಂದೆತಾಯಿಗಳೊಡನೆ ಎಲ್ಲಿ ಕುಳಿತು ಮಾತನಾಡುತ್ತಾರೆ, ಯಾರನ್ನು ಜೊತೆಗೆ ಕರೆದುಕೊಳ್ಳುತ್ತಾರೆ, ಒಮ್ಮೆ ಒಪ್ಪದವರಲ್ಲಿಗೆ ಮತ್ತೆ ಹೋಗುತ್ತಾರೆಯೇ, ಹಣದ ತೊಂದರೆಯೇ ಕಾರಣವಾಗಿದ್ದರೆ ಏನು ದಾರಿ ಹುಡುಕುತ್ತಾರೆ. ಇದರ ಜೊತೆಗೆ, ಓದು ಮುಗಿಸಿ ತಮ್ಮ ಕಾಲ ಮೇಲೆ ನಿಂತಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ತಾವಾಗಿಯೇ ಬೆಂಬಲ ಪತ್ರ ಬರೆಯಲು ಮುಂದೆ ಬಂದರೆ ಅದನ್ನು ಲಗತ್ತಿಸಿ. ಆದರೆ ಈಗ ನಿಲಯದಲ್ಲಿ ಇರುವವರಿಂದ ಬರೆಸಲೇಬೇಡಿ. ತಮ್ಮ ಮೇಲ್ವಿಚಾರಕಿಯ ವಿಷಯದಲ್ಲಿ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ.

ಪ್ರಶ್ನೆ: ವಿಜಯಪುರದ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡುವ ದ್ವಿತೀಯ ದರ್ಜೆ ಸಹಾಯಕರೊಬ್ಬರಿದ್ದಾರೆ. ಅವರಿಂದಾಗಿ ಓದು ಮುಗಿಸಿದ ಮಕ್ಕಳು ಬಹಳ ಮಂದಿ. ಬೋಧಕರಲ್ಲದವರ ಹೆಸರನ್ನು ಪ್ರಶಸ್ತಿಗೆ ಕೊಡಬಹುದೇ?

ಉತ್ತರ: ಕೊಡಬೇಕು. ಆದರೆ ಬಾಗಿಲುಗಳು ಕಡಿಮೆ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2023ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ಮತ್ತು ಪಾಲಿಟೆಕ್ನಿಕ್‌ಗಳ ಬೋಧಕರನ್ನೂ ಸೇರಿಸಿಕೊಂಡರು. ಕಚೇರಿ ಸಿಬ್ಬಂದಿ ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿ ವ್ಯವಹಾರವೆಂಬುದು, ಅಂದರೆ ವಿದ್ಯಾರ್ಥಿ ಕ್ಷೇಮದ ಕೆಲಸ, ಪಾಠದಿಂದ ಬೇರೆಯಾದ ಒಂದು ಸ್ವತಂತ್ರ ವೃತ್ತಿ. ಅಲ್ಲಿ ಅದಕ್ಕೆ 1919ರಲ್ಲಿ ಆರಂಭವಾದ ನಾಸ್ಪಾ, 1924ರಲ್ಲಿ ಆರಂಭವಾದ ಎಸಿಪಿಎ ಎಂಬ ವೃತ್ತಿಸಂಘಗಳಿವೆ, ಮತ್ತು ಅವು ತಮ್ಮ ಕ್ಷೇತ್ರದವರಿಗಾಗಿಯೇ ಪ್ರಶಸ್ತಿಗಳನ್ನು ಕೊಡುತ್ತವೆ. ನಮ್ಮಲ್ಲಿ ಅದೇ ಕೆಲಸವನ್ನು ಅರ್ಥಶಾಸ್ತ್ರದ ಉಪನ್ಯಾಸಕರೊಬ್ಬರು, ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು, ಕಚೇರಿಯ ಒಬ್ಬ ಗುಮಾಸ್ತರು ಹೆಚ್ಚುವರಿ ಹೊಣೆಯಾಗಿ ಹಂಚಿಕೊಂಡು ಮಾಡುತ್ತಾರೆ. ಹುದ್ದೆಯ ಹೆಸರಿಗೆ ಪ್ರಶಸ್ತಿ ಕೊಡುವ ಪದ್ಧತಿಯಲ್ಲಿ ಹೆಚ್ಚುವರಿ ಹೊಣೆ ಲೆಕ್ಕಕ್ಕೆ ಬರುವುದಿಲ್ಲ.

ಹೀಗಿರುವಾಗ ನಿಮ್ಮ ಆಡಳಿತ ಮಂಡಳಿಯೇ ಮೊದಲ ಬಾಗಿಲು. ಈ ಭಾಗದಲ್ಲಿ ನೂರು ವರ್ಷ ದಾಟಿದ ಶಿಕ್ಷಣ ಸಂಸ್ಥೆಗಳಿವೆ: ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು, ವಿಜಯಪುರದ ಬಿಎಲ್‌ಡಿಇ 1910ರದು, ಬೆಳಗಾವಿಯ ಕೆಎಲ್‌ಇ 1916ರದು. ಬಡ ಮಕ್ಕಳಿಗೆ ಓದು ಸಿಗಲೆಂಬ ಕಳಕಳಿ ಇರುವ ಯಾವ ಸಂಸ್ಥೆಯ ಮುಂದಾದರೂ, ವಾರ್ಷಿಕ ಪ್ರಶಸ್ತಿಗಳಲ್ಲಿ ವಿದ್ಯಾರ್ಥಿ ಸೇವೆಗೆಂದು ಬೋಧಕರಿಗೂ ಬೋಧಕೇತರರಿಗೂ ತೆರೆದಿರುವ ಒಂದು ಪ್ರಶಸ್ತಿ ಇರಲಿ ಎಂಬ ಮನವಿಯನ್ನು ನಿಸ್ಸಂಕೋಚವಾಗಿ ಇಡಬಹುದು. ಪ್ರಾಚಾರ್ಯರ ಮೂಲಕ, ನಾಲ್ಕಾರು ಮಂದಿ ಸಹಿ ಹಾಕಿ ಕೊಡಿ.

ಅರ್ಜಿಯಲ್ಲಿ ಈ ಸಹಾಯಕರ ಕೆಲಸದ ಒಂದು ತುಣುಕನ್ನಾದರೂ ಹತ್ತಿರದಿಂದ ತೋರಿಸಿ. ಹುಡುಗನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಒಂದರಲ್ಲಿ ಮನೆತನದ ಹೆಸರಿದೆ, ಇನ್ನೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲಿಗೇ ನಿಂತಿದೆ. ಹುಡುಗನಿಗೆ ತಿಳಿದಿರುವುದು ‘ದುಡ್ಡು ಬಂದಿಲ್ಲ’ ಎಂಬುದಷ್ಟೇ. ಎಲ್ಲಿ ತಡೆಯಾಗಿದೆ ಎಂದು ಕಂಡುಹಿಡಿದು, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಚೀಟಿ ಬರೆದುಕೊಟ್ಟು, ಕೊನೆಯ ದಿನಾಂಕದೊಳಗೆ ಅವನು ಮರಳಿ ಬಂದನೇ ಎಂದು ವಿಚಾರಿಸುವ ಗುಮಾಸ್ತರು ಒಬ್ಬ ವಿದ್ಯಾರ್ಥಿಯ ಇಡೀ ವರ್ಷವನ್ನು ಉಳಿಸುತ್ತಾರೆ. ಬರೀ ‘ಪ್ರಾಮಾಣಿಕ, ದಕ್ಷ ನೌಕರ’ ಎಂದು ಬರೆದರೆ ಈ ದುಡಿಮೆಯೆಲ್ಲ ಮರೆಯಾಗುತ್ತದೆ.

ಪ್ರಶ್ನೆ: ಬೆಳಗಾವಿಯ ಕಾಲೇಜೊಂದರ ಉದ್ಯೋಗ ಮಾರ್ಗದರ್ಶನ ಘಟಕದಲ್ಲಿದ್ದೇನೆ. ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಬಗ್ಗೆ ತಾವೇ ಶಿಫಾರಸು ಪತ್ರ ಬರೆದು ತಂದು ನನ್ನ ಸಹಿ ಕೇಳುತ್ತಿದ್ದಾರೆ. ‘ನಿಮಗೆ ತ್ರಾಸು ಬೇಡವೆಂದು ನಾನೇ ಬರೆದೆ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ‘ಸರ್, ನಿಮ್ಮ ಸೇವಾ ವಿವರ, ದಿನಾಂಕ, ಅಂಕಿಗಳನ್ನು ಕೊಡಿ, ಪತ್ರ ನಾನು ಬರೆಯುತ್ತೇನೆ’ ಎಂದು ಹೇಳಿದರೆ ಅವರ ಮರ್ಯಾದೆಗೂ ಕುಂದಿಲ್ಲ, ನಿಮ್ಮ ಮಾತಿಗೂ ಬೆಲೆ ಉಳಿಯುತ್ತದೆ. ತನ್ನ ಹೆಸರನ್ನು ತಾನೇ ಸೂಚಿಸುವುದರಲ್ಲಿ ತಪ್ಪಿಲ್ಲ. ಪದ್ಮ ಪ್ರಶಸ್ತಿಗಳಿಗೂ ಅದಕ್ಕೆ ಅವಕಾಶವಿದೆ. ಅಂಥ ಅವಕಾಶವಿದ್ದಲ್ಲಿ ಅವರು ತಮ್ಮ ಹೆಸರಿನಲ್ಲೇ ಸಲ್ಲಿಸಲಿ. ಇನ್ನೊಬ್ಬರ ಸಹಿಯ ಹಿಂದೆ ನಿಂತು ತನ್ನನ್ನು ತಾನು ಹೊಗಳಿಕೊಳ್ಳುವುದು ಸಮಿತಿಗೆ ಮಾಡುವ ಮೋಸ. ಅಂದಹಾಗೆ, ಪದ್ಮ ಪ್ರಶಸ್ತಿಯ ನಾಮನಿರ್ದೇಶನದಲ್ಲಿ ಸಾಧನೆಯ ವಿವರಣೆ 800 ಪದಗಳನ್ನು ಮೀರುವಂತಿಲ್ಲ. ನೀವು ಬರೆಯುವ ಪತ್ರ ಎರಡು ಪುಟ ದಾಟದಿರಲಿ.

ಪ್ರಶ್ನೆ: ಗೋಕಾಕ ತಾಲ್ಲೂಕಿನ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯ ಹೆಸರನ್ನು ರಾಷ್ಟ್ರಮಟ್ಟದ ಪ್ರಶಸ್ತಿಗೆ ಕಳಿಸಬೇಕೆಂದಿದ್ದೇವೆ. ಶಿಬಿರದ ಫೋಟೋಗಳು ರಾಶಿ ಇವೆ. ಇನ್ನೇನು ಬೇಕು?

ಉತ್ತರ: 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯ ಬೆಳ್ಳಿಹಬ್ಬದ ಹೊತ್ತಿಗೆ, 1993-94ರಲ್ಲಿ, ರಾಷ್ಟ್ರೀಯ ಪ್ರಶಸ್ತಿಗಳು ಸ್ಥಾಪನೆಯಾದವು. ಪ್ರಸ್ತಾವವನ್ನು ವಿಶ್ವವಿದ್ಯಾಲಯದ ಎನ್‌ಎಸ್‌ಎಸ್ ಸಂಯೋಜನಾಧಿಕಾರಿಗಳ ಮೂಲಕ ಕಳಿಸಬೇಕಾದ್ದರಿಂದ ಮೊದಲು ಅವರನ್ನು ಕಂಡು ಆ ವರ್ಷದ ನಮೂನೆ ಮತ್ತು ಕೊನೆಯ ದಿನಾಂಕವನ್ನು ತಿಳಿದುಕೊಳ್ಳಿ.

ಫೋಟೋಗಳ ವಿಷಯ ಹೇಳುವುದಾದರೆ, ಕಸಬರಿಗೆ ಹಿಡಿದು ಸಾಲಾಗಿ ನಿಂತ ಚಿತ್ರ ಎಲ್ಲ ಕಾಲೇಜುಗಳಲ್ಲಿಯೂ ಇದೆ. ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ದುಡಿಯಬೇಕು, ಏಳು ದಿನಗಳ ವಿಶೇಷ ಶಿಬಿರ ನಡೆಯಬೇಕು ಎಂಬುದು ನಿಯಮ. ನಿಯಮದಂತೆ ನಡೆದದ್ದನ್ನೇ ಸಾಧನೆಯೆಂದು ತೋರಿಸಲಾಗದು. ಶಿಬಿರ ಮುಗಿಸಿ ಬಂದ ಮೇಲೆ ಆ ಹಳ್ಳಿಗೆ ನಿಮ್ಮ ಅಧಿಕಾರಿ ಮತ್ತೆ ಹೋದರೇ, ನೆಟ್ಟ ಸಸಿಗಳಲ್ಲಿ ಎರಡು ಬೇಸಿಗೆ ದಾಟಿದವು ಎಷ್ಟು, ಶಿಬಿರದಲ್ಲಿ ಹೂಳು ತೆಗೆದ ಬಾವಿಯಲ್ಲಿ ಇಂದು ಜನ ನೀರು ಸೇದುತ್ತಾರೆಯೇ ಎಂಬುದನ್ನು ಪಂಚಾಯಿತಿಯವರಿಂದ ಬರೆಸಿ ತರಿಸಿ. ಮುಂದೆ ಬರಲು ಹಿಂಜರಿಯುತ್ತಿದ್ದ ಹುಡುಗ ಹುಡುಗಿಯರು ಅವರ ಕೈಕೆಳಗೆ ಮುಂದಾಳುಗಳಾಗಿ ಬೆಳೆದಿದ್ದರೆ ಅದನ್ನೂ ಬರೆಯಿರಿ. ಫೋಟೋ ಐದಾರು ಸಾಕು. ಪ್ರತಿಯೊಂದರ ಕೆಳಗೂ ದಿನಾಂಕ, ಸ್ಥಳ ಇರಲಿ.

ಪ್ರಶ್ನೆ: ಜಮಖಂಡಿಯಿಂದ ಬರೆಯುತ್ತಿದ್ದೇನೆ. ನಮ್ಮ ಆಪ್ತಸಮಾಲೋಚಕಿಯ ಹೆಸರನ್ನು ಅವರಿಗೆ ತಿಳಿಸದೆ ಪ್ರಶಸ್ತಿಗೆ ಕಳಿಸಿ, ಬಂದ ಮೇಲೆ ಹೇಳೋಣವೆಂದು ನಾವು ನಾಲ್ವರು ಯೋಚಿಸಿದ್ದೇವೆ. ಬಾರದೆ ಹೋದರೆ ಅವರಿಗೆ ಬೇಸರವಾದೀತು ಎಂಬ ಅಂಜಿಕೆ. ಇದು ಸರಿಯೇ?

ಉತ್ತರ: ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಮೊದಲು ಅವರ ಒಪ್ಪಿಗೆ ಕೇಳಿ. ಗುಟ್ಟು ಕಾಯುವುದು ಅವರ ವೃತ್ತಿಯ ಮೂಲಧರ್ಮ. ಯಾವ ಸಂಗತಿಯನ್ನು ಹೊರಗೆ ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನೀವು ಸದುದ್ದೇಶದಿಂದ ಬರೆದ ಒಂದು ವಾಕ್ಯದಿಂದ ಯಾವನೋ ಹುಡುಗ ಇನ್ನು ಮುಂದೆ ಅವರ ಕೋಣೆಗೆ ಬರುವುದನ್ನೇ ಬಿಡಬಹುದು. ಕರಡನ್ನು ಅವರಿಗೆ ತೋರಿಸಿ, ಅವರು ಬೇಡವೆಂದ ಭಾಗವನ್ನು ಮರುಮಾತಿಲ್ಲದೆ ತೆಗೆದುಹಾಕಿ. ಪ್ರಶಸ್ತಿಯೇ ಬೇಡವೆಂದರೆ ಅಲ್ಲಿಗೆ ಬಿಡಿ.

ಪ್ರಶಸ್ತಿ ಬಾರದಿದ್ದರೆ ಬೇಸರ ಆಗಿಯೇ ಆಗುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ತನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ಕಂಡವರು ನಾಲ್ವರಿದ್ದಾರೆ ಎಂಬುದು ಆ ಕರಡನ್ನು ಓದಿದಾಗಲೇ ಅವರಿಗೆ ತಿಳಿದಿರುತ್ತದೆ. ಗುಟ್ಟಾಗಿ ಕಳಿಸಿದರೆ ಅದೂ ತಿಳಿಯುವುದಿಲ್ಲ. ಆಯ್ಕೆಯಾಗದಿದ್ದಲ್ಲಿ ಸಮಿತಿಯ ಕಾರ್ಯದರ್ಶಿಗಳನ್ನು ಕಂಡು ಅರ್ಜಿಯಲ್ಲಿ ಏನು ಕೊರತೆಯಿತ್ತೆಂದು ವಿನಯದಿಂದ ಕೇಳಿ, ಬರೆದಿಟ್ಟುಕೊಳ್ಳಿ. ಜೂನ್‌ನಲ್ಲಿ ಕಾಲೇಜು ಆರಂಭವಾಗುತ್ತಲೇ ಒಂದು ಕಡತ ತೆರೆದು, ಅವರು ನಡೆಸುವ ಕಾರ್ಯಾಗಾರಗಳ ಸುತ್ತೋಲೆ ಮತ್ತು ವರದಿಗಳನ್ನು ಆಯಾ ತಿಂಗಳೇ ಅದರಲ್ಲಿ ಸೇರಿಸುತ್ತ ಹೋದರೆ ಮುಂದಿನ ಅರ್ಜಿ ಅರ್ಧ ಸಿದ್ಧವಾದಂತೆಯೇ.