ಎಕನಾಮಿಕ್ಸ್ ಓದಿದವರು ಎಐನಲ್ಲಿ ಪಿಎಚ್‌ಡಿ ಮಾಡಬಹುದಾ?

ಎಂ.ಎ. ಎಕನಾಮಿಕ್ಸ್ ಮುಗಿದಿದೆ, ಎಐನಲ್ಲಿ ಪಿಎಚ್‌ಡಿ ಮಾಡುವ ಆಸೆ, ಎರಡಕ್ಕೂ ಎಲ್ಲಿಯ ನಂಟು ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಬೆಂಗಳೂರಿನಲ್ಲಿ ನಾನು ಮಾಡುತ್ತಿರುವುದೂ ಅದನ್ನೇ, ಇದು ನಾಲ್ಕನೇ ವರ್ಷ.

ನಂಟು ತಿಳಿಯಬೇಕಂದ್ರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ. ಕನಕಾಂಬರ, ಮಲ್ಲಿಗೆ, ಸೇವಂತಿಗೆ ಎಲ್ಲದರ ರೇಟೂ ಏರಿರುತ್ತದೆ. ಆದರೂ ಕಾಲಿಡಲು ಜಾಗ ಇರಲ್ಲ, ನೋಡನೋಡುತ್ತಿದ್ದಂತೆ ಬುಟ್ಟಿಗಳು ಖಾಲಿ. ಈಗ ಇಡೀ ವರ್ಷದ ರೇಟು, ಮಾರಾಟ ಎರಡನ್ನೇ ಒಂದು ಮಷಿನ್ ಲರ್ನಿಂಗ್ ಮಾಡೆಲ್‌ಗೆ, ಅಂದರೆ ಡೇಟಾ ನೋಡಿ ತಾನೇ ಕಲಿಯುವ ಎಐ ಪ್ರೋಗ್ರಾಂಗೆ ಕೊಟ್ಟರೆ, ರೇಟು ಜಾಸ್ತಿ ಇದ್ದ ದಿನ ಮಾರಾಟವೂ ಜಾಸ್ತಿ ಅಂತ ಅದು ಕಲಿತುಬಿಡಬಹುದು. ಅದನ್ನೇ ನಂಬಿ ಆಷಾಢದ ಒಂದು ಮಾಮೂಲಿ ಬುಧವಾರ ರೇಟು ಏರಿಸಿದರೆ ಹೂವಿನಮ್ಮನ ಬುಟ್ಟಿ ಸಂಜೆಗೆ ಹಾಗೇ ಬಾಡುತ್ತದೆ. ರೇಟನ್ನೂ ಜನರನ್ನೂ ಎಳೆದು ತಂದಿದ್ದು ಹಬ್ಬ, ಅಲ್ವಾ?

ಹಬ್ಬ ಪಂಚಾಂಗದಲ್ಲಿ ಸಿಗುತ್ತದೆ, ಮಾಡೆಲ್‌ಗೆ ಅದನ್ನೂ ಕೊಡಬಹುದು. ಆದರೆ ಯಾರ ಮನೆಯಲ್ಲಿ ಮದುವೆ, ಯಾವ ಬೀದಿಯಲ್ಲಿ ಉತ್ಸವ, ಇವೆಲ್ಲ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಇಲ್ಲಿ ಎಕನಾಮಿಕ್ಸ್‌ನ ಹಳೇ ಉಪಾಯ ಕೈ ಹಿಡಿಯುತ್ತದೆ: ಬೇಡಿಕೆಯನ್ನು ಮುಟ್ಟದೆ ರೇಟನ್ನು ಮಾತ್ರ ಅಲುಗಾಡಿಸಿದ ದಿನಗಳನ್ನು ಹುಡುಕುವುದು. ಚಿಕ್ಕಬಳ್ಳಾಪುರದ ಕಡೆ ತೋಟಗಳಲ್ಲಿ ಜೋರು ಮಳೆ, ಬೆಂಗಳೂರಿನಲ್ಲಿ ಬಿಸಿಲು ಅಂದುಕೊಳ್ಳಿ. ಹೂವು ಕಮ್ಮಿ ಬಂತು, ರೇಟು ಏರಿತು, ಕೊಳ್ಳುವವರ ಮನಸ್ಸು ಮಾತ್ರ ನಿನ್ನೆಯದೇ. ಆ ದಿನ ಎಷ್ಟು ಜನ ಕೈ ಬಿಗಿ ಹಿಡಿದರು ಅನ್ನುವುದೇ ನಮಗೆ ಬೇಕಾದ ಉತ್ತರ. ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ 1928ರಲ್ಲೇ ಬೆಣ್ಣೆ, ಅಗಸೆ ಬೀಜದ ವಿಷಯದಲ್ಲಿ ಈ ದಾರಿ ಹಿಡಿದಿದ್ದರು. ಅದನ್ನು ಸಾವಿರಾರು ಕಾಲಮ್ ಇರುವ ಡೇಟಾಗೆ, ಮಷಿನ್ ಲರ್ನಿಂಗ್ ಜೊತೆ ಸೇರಿಸಿ ಮಾಡುವುದು ನನ್ನ ಕೆಲಸ. ಆಪ್‌ಗಳಲ್ಲಿ ರೇಟು ಹಾಕುವುದು ಎಷ್ಟೋ ಸಲ ಮಾಡೆಲ್‌ಗಳೇ. ಅವು ಹಬ್ಬಕ್ಕೂ ರೇಟಿಗೂ ವ್ಯತ್ಯಾಸ ತಿಳಿಯದಿದ್ದರೆ ಪೆಟ್ಟು ಬೀಳುವುದು ಕೊಳ್ಳುವವರಿಗೆ, ಮಾರುವವರಿಗೆ. ನನಗೆ ಈ ಕೆಲಸ ಇಷ್ಟು ಮುಖ್ಯ ಅನಿಸುವುದು ಅದಕ್ಕೇ.

ಈ ಎರಡು ದೋಣಿಯ ಪ್ರಯಾಣ ಹೊಸದೇನಲ್ಲ. ಹರ್ಬರ್ಟ್ ಸೈಮನ್‌ಗೆ 1975ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂತು, 1978ರಲ್ಲಿ ಎಕನಾಮಿಕ್ಸ್ ನೊಬೆಲ್.

ತಯಾರಿ ವಿಷಯಕ್ಕೆ ಬಂದರೆ, ಮೊದಲು ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಗಟ್ಟಿ ಮಾಡಿಕೊಳ್ಳಿ. ಮೊದಲ ವರ್ಷ ನನಗೆ ಕೋಡಿಂಗ್‌ಗಿಂತ ಪ್ರಾಬಬಿಲಿಟಿಯೇ ಕಷ್ಟವಾಗಿತ್ತು. ಕೋಡಿಂಗ್ ಭಾಷೆ ಪೈಥಾನ್ ದಿನಾ ಕೂತು ಬರೆದರೆ ಬರುತ್ತದೆ. ಎಂ.ಎ.ಯ ಎಕನಾಮೆಟ್ರಿಕ್ಸ್ (ಅಂಕಿ-ಅಂಶಗಳಿಂದ ಎಕನಾಮಿಕ್ಸ್ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಷಯ) ನೋಟ್ಸ್ ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ, ನಾನು ಈಗಲೂ ವಾರಕ್ಕೊಮ್ಮೆಯಾದರೂ ತೆಗೆದು ನೋಡುತ್ತೇನೆ.